ಜಿಂಕೆಗೆ ಇಟ್ಟ ನೈವೇದ್ಯ

ಹಲೋ… ಹಾಂ, ಹಲೋ, ಯಾರು ಮಾತಾಡ್ತಿರೋದು?… ಯಾರು?…

ಓ, ಮುಕುಂದ್, ನೀವಾ? ನಿಮ್ಮ ಮಗಳು ಹರ್ಷಿತಾ ಫೋನಿಂದ ಮಾಡಿದ್ರೆ ನನಗೆ ಹೇಗೆ ಗೊತ್ತಾಗಬೇಕು ರೀ. ದಿನಾ ಪೀಡಿಸೋ ಕಾರ್ ವಾರಂಟಿ ಮಾರೋರು ಅಂದ್ಕೊಂಡು ಎರಡು ಸಲ ಕಟ್ ಮಾಡಿದೆ. ಹಾಂ, ಶಂಕರನಾರಾಯಣನೇ. ಹೇಳಿ…

ಇಲ್ಲ, ಮನೇಲಿಲ್ಲ. ಬಾಗಿಲಲ್ಲಿ ನಿಂತು ಬೆಲ್ ಮಾಡಬೇಡಿ, ಪ್ರಭಾನೂ ಇಲ್ಲ, ಲೈಬ್ರರಿಗೆ ಹೋಗಿದಾಳೆ. ಟೌನ್‌ಶಿಪ್ ಮೀಟಿಂಗ್ ಏಳಕ್ಕಲ್ವಾ, ಈಗಿನ್ನೂ ಐದೂವರೆ… ಗೊತ್ತು, ಪಾರ್ಕಿಂಗ್ ಸಿಗಲ್ಲ, ಗೊತ್ತು…

ಕಾಡಲ್ಲಿದೀನಿ… ನಮ್ಮ ಮನೆ ಹಿಂದಿನ ಕಾಡೇ. ಇನ್ಯಾವ ಕಾಡಿದೆ ರೀ ಕೆಂಡಲ್ ಪಾರ್ಕ್‌ನಲ್ಲಿ… ವಾಕಿಂಗ್ ಅಲ್ಲ. ಬಾಳೆಹಣ್ಣು ಆರಿಸ್ತಿದೀನಿ…

ಬಾಳೆಹಣ್ಣು. ಸರಿಯಾಗೇ ಕೇಳಿಸ್ಕೊಂಡ್ರಿ. ಜೊತೆಗೆ ಆರು ಸೇಬು, ಎರಡು ಹೋಳು ತೆಂಗಿನಕಾಯಿ, ಬಾಡಿದ ಗುಲಾಬಿ ಒಂದು ಬೊಗಸೆ… ನಗಬೇಡಿ. ಸರಿ, ನಗಿ. ಪೂರ್ತಿ ಕೇಳಿದ್ಮೇಲೆ ಹೇಗೂ ನಗ್ತೀರಿ…

ಮುಕುಂದ್, ಈ ಕಾಡಲ್ಲಿ ಜಿಂಕೆ ಬೇಟೆ ನಿಲ್ಲಿಸಿ ಅಂತ ಬರೆದ ನಮ್ಮ ಪಿಟಿಷನ್ ನಿಮ್ಮ ಹತ್ರ ಇದೆಯಾ? ನಾಲ್ಕನೇ ಪಾಯಿಂಟ್ ಓದಿ… ಜೋರಾಗಿ ಓದಿ… ಹಾಂ, ಅದೇ. ತಿಂಡಿಯ ಆಸೆ ತೋರಿಸಿ ಮೂಕ ಪ್ರಾಣಿಗಳನ್ನ ಬಾಣದ ಎದುರಿಗೆ ಕರೆತರೋದು ನಾಗರಿಕ ಸಮಾಜಕ್ಕೆ ಕಳಂಕ. ಯಾರು ಬರೆದದ್ದು? ನಾನೇ. ಆ ಒಂದು ವಾಕ್ಯಕ್ಕೆ ಅರ್ಧ ಗಂಟೆ ತಲೆ ಕೆಡಿಸ್ಕೊಂಡಿದ್ದೆ. ಆ ಕಳಂಕ ಈಗ ಪ್ಲಾಸ್ಟಿಕ್ ಚೀಲ ಹಿಡ್ಕೊಂಡು ಓಕ್ ಮರದ ಕೆಳಗೆ ಕೂತಿದೆ…

ಹೇಳ್ತೀನಿ, ತಾಳಿ. ಟೋನಿ ನೆನಪಿದಾನಲ್ಲ, ಬೇಟೆಗಾರರ ಕಡೆಯವನು? ಹೋದ ಮೀಟಿಂಗಲ್ಲಿ ಎದ್ದು ನಿಂತು, ಇದು ಪಬ್ಲಿಕ್ ಲ್ಯಾಂಡು, ನಿಮ್ಮ ಹಿತ್ತಲಲ್ಲ, ನಿಮ್ಮ ಮನೆಗಳು ಏಳೋಕೆ ಮುಂಚೆ ನಮ್ಮಪ್ಪನ ಜೊತೆ ಇಲ್ಲಿಗೆ ಬರ್ತಿದ್ದೆ ಅಂದ್ನಲ್ಲ… ಹಾಂ, ಅವನೇ. ನಾನು ಅಹಿಂಸೆ ಬಗ್ಗೆ ಅವನಿಗೆ ಎಂಟು ನಿಮಿಷ ಪಾಠ ಹೇಳಿದ್ದು. ಒಬ್ಬೊಬ್ಬರಿಗೆ ಕೊಟ್ಟ ಮೂರು ನಿಮಿಷದ ಟೈಮರ್ ಕೂಗ್ತಾನೇ ಇತ್ತು, ನಾನೂ ಕೂಗ್ತಾನೇ ಇದ್ದೆ…

ಅವನು ಇವತ್ತು ಬೆಳಿಗ್ಗೆ ಕಾಡಿನ ಕಾಲುದಾರಿ ಹತ್ರ ಸಿಕ್ಕಿದ್ದ. ಬೈತಾನೆ ಅಂತ ಸೆಟೆದು ನಿಂತೆ. ಅವನು ಕೈ ಕುಲುಕಿ ಥ್ಯಾಂಕ್ಸ್ ಅಂದ ರೀ…

ಮರಕ್ಕೊಂದು ಕ್ಯಾಮೆರಾ ಕಟ್ಟಿದಾನೆ, ಜಿಂಕೆ ಎಲ್ಲಿ ಓಡಾಡತ್ತೆ ಅಂತ ನೋಡೋಕೆ. ಅದರಲ್ಲಿ ನಾನಿದೀನಿ… ಒಂದಲ್ಲ, ಮೂವತ್ತೊಂದು ಫೋಟೋ. ಪಂಚೆ, ಶೂಸು, ಅಳಿಯ ಕೊಡಿಸಿದ ಪಫರ್ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಹರಿವಾಣ. ಮರದ ಬುಡಕ್ಕೆ ಬಗ್ಗಿದೀನಿ. ಹತ್ತು ನಿಮಿಷ ಬಿಟ್ಟು ಜಿಂಕೆ, ಬಾಯಲ್ಲಿ ಬಾಳೆಹಣ್ಣು…

ನಿರ್ಮಾಲ್ಯ ರೀ. ದೇವರ ಮೇಲಿಂದ ತೆಗೆದ ಹೂವು ಗಾರ್ಬೇಜ್‌ಗೆ ಹಾಕ್ತೀರಾ ನೀವು?… ಹಾಕ್ತೀರಾ? ಸರಿ, ಅದು ನಿಮಗೆ ಬಿಟ್ಟಿದ್ದು. ನಮ್ಮನೇಲಿ ಹಾಗಿಲ್ಲ, ಯಾರೂ ತುಳಿಯದ ಕಡೆ, ಮರದ ಬುಡಕ್ಕೆ ಹಾಕಬೇಕು. ಹಿತ್ತಲಲ್ಲಿ ಮರ ಇಲ್ಲ, ಇಲ್ಲಿಗೆ ತರ್ತಿದ್ದೆ. ಮೊದಲು ಬರೀ ಹೂವು. ನವರಾತ್ರಿ ಬಂತು, ಅರಿಶಿನ ಕುಂಕುಮದ ಹಣ್ಣು ರಾಶಿ ಉಳೀತು, ಅದನ್ನೂ ತಂದೆ…

ಹೌದು, ನವರಾತ್ರಿ ಮುಗಿದು ಮೂರು ವಾರ ಆಯ್ತು… ನಿಜ ಹೇಳಲಾ? ಆಮೇಲೆ ಸೇಬು ನಾನೇ ಕೊಂಡು ತರ್ತಿದ್ದೆ. ದೇವರ ಮುಂದೆ ಒಂದು ನಿಮಿಷ ಇಟ್ಟ ಹಾಗೆ ಮಾಡಿ ಎತ್ಕೊಂಡು ಬರೋದು. ಇದು ಯಾರಿಗೆ ಅಂತ ದೇವರಿಗೂ ಗೊತ್ತಿತ್ತು…

ಒಂದು ಹೆಣ್ಣು ಜಿಂಕೆ. ಎಡಗಿವಿ ಹರಿದಿದೆ. ಮೊದಲೆಲ್ಲ ದೂರ ನಿಲ್ತಿತ್ತು, ಈಗ ನನ್ನ ಶೂ ಸದ್ದು ಕೇಳಿದ್ರೆ ಸಾಕು, ಬರತ್ತೆ. ರಿಟೈರ್ ಆದ್ಮೇಲೆ ನನ್ನ ಸದ್ದು ಕೇಳಿ ಎದ್ದು ಬರೋರು ಇನ್ಯಾರಿದಾರೆ ಹೇಳಿ. ಕಟ್ಕೊಂಡ ಹೆಂಡತಿ ಪ್ರಭಾನೇ ಹೆಡ್‌ಫೋನ್ ಹಾಕ್ಕೋತಾಳೆ…

ಅದೇ ಮರಕ್ಕೇ ಅಟ್ಟಣೆ ಕಟ್ಟಿದಾನೆ ಟೋನಿ. ಈಗ ನನ್ನ ತಲೆ ಮೇಲಿದೆ, ಏಣಿ ಸಮೇತ. ನಾಳೆ ಬೆಳಿಗ್ಗೆ ಬೇಟೆ ಸೀಸನ್ ಶುರು… ಕೇಳ್ಕೊಂಡೆ ರೀ, ಬೇರೆ ಮರಕ್ಕೆ ಹೋಗಪ್ಪ ಅಂತ. ಅದಕ್ಕವನು, ನಾನು ಒಂದು ಕಾಳು ಜೋಳ ಹಾಕಿ ಕರೆದವನಲ್ಲ, ಜಿಂಕೆ ಬರೋ ಕಡೆ ಕೂರ್ತೀನಿ, ಪರ್ಮಿಟ್ ಇದೆ, ಇಲ್ಲಿ ನಡೆಯೋಕೆ ನಿನಗೆಷ್ಟು ಹಕ್ಕಿದೆಯೋ ನನಗೂ ಅಷ್ಟೇ ಇದೆ ಅಂದ. ಅದರಲ್ಲಿ ತಪ್ಪೇನಿದೆ?…

ಇಲ್ಲ, ಫೋಟೋ ಮೀಟಿಂಗಲ್ಲಿ ತೋರಿಸಲ್ವಂತೆ. ಅವನು ದೊಡ್ಡ ಮನುಷ್ಯ ಆಗ್ಬಿಟ್ಟ. ನನಗೆ ಅದೇ ಜಾಸ್ತಿ ಉರೀತಿರೋದು…

ಸುಮ್ಮನೆ ಇದ್ದುಬಿಡಬಹುದು, ನಿಜ. ಇನ್ನೂರು ಜನ ಸೈನ್ ಮಾಡಿದಾರೆ, ಗೆಲ್ಲಲೂಬಹುದು. ಆದ್ರೆ ಇವತ್ತು ಗೆದ್ರೂ ರೂಲ್ ಬದಲಾಗೋದು ಮುಂದಿನ ವರ್ಷಕ್ಕೆ. ಈ ಜಿಂಕೆ ನಾಳೆ ಬೆಳಿಗ್ಗೆ ಬರತ್ತೆ, ಮುಕುಂದ್. ಬಾಣ ಬಿಡೋದು ಅವನೇ ಇರಬಹುದು, ಕರ್ಕೊಂಡು ಬಂದು ನಿಲ್ಲಿಸಿದ್ದು ನಾನು. ಬೆಳಿಗ್ಗೆಯಿಂದ ಊಟ ಸೇರಿಲ್ಲ…

ಅದಕ್ಕೇ ಎಲ್ಲಾ ಆರಿಸ್ಕೊಂಡು ಹೋಗೋಣ ಅಂತ ಬಂದೆ. ಆದ್ರೆ ವಾಸನೆ ಹೇಗೆ ಆರಿಸೋದು…

ಒಂದ್ನಿಮಿಷ. ಶ್… ಬಂತು ರೀ…

ಹಾಂ, ಅದೇ. ಹರಿದ ಕಿವಿ. ಶೂ ಸದ್ದು ಕೇಳಿರತ್ತೆ. ನನ್ನ ಬುದ್ಧಿಗಿಷ್ಟು, ಹಣ್ಣು ಎತ್ಕೊಂಡು ಹೋಗೋಕೆ ಅದೇ ಶೂ ಹಾಕ್ಕೊಂಡು ಬಂದಿದೀನಿ…

ಓಡಿಸ್ತೀನಿ, ಓಡಿಸ್ತೀನಿ… ಹೋಗು. ಹೋಗೇ. ಹುಶ್… ಇಲ್ಲ, ಕಿವಿ ಆಡಿಸ್ತು ಅಷ್ಟೇ. ಗೋ ಅವೇ… ಇಂಗ್ಲಿಷಲ್ಲೂ ಹೇಳಿ ನೋಡಿದೆ, ಇಲ್ಲೇ ಹುಟ್ಟಿದ್ದಲ್ವಾ…

ಏನು ಎಸೀಲಿ? ಕೈಲಿ ಸೇಬಿದೆ… ಎಸೆದೆ. ಬೆನ್ನಿಗೆ ತಾಗ್ತು. ಹಾರಿ ಹಿಂದೆ ಸರೀತು… ಹಾಂ, ಹೆದರ್ತು, ಹೆದರ್ತು… ಇಲ್ಲ ರೀ. ತಿರುಗಿ ಬಂದು ಅದೇ ಸೇಬು ತಿಂತಾ ಇದೆ…

ಕಲ್ಲಾ?… ಇದೆ, ಪಕ್ಕದಲ್ಲೇ ಇದೆ… ಎತ್ಕೊಂಡೆ. ಮುಷ್ಟಿ ಗಾತ್ರದ್ದು… ಗೊತ್ತು, ನೋವಾದ್ರೇನೇ ನಾಳೆ ಬರಲ್ಲ. ಮುಖಕ್ಕೆ ಬೇಡ, ತೊಡೆಗೆ ಹೊಡೀತೀನಿ. ಅರವತ್ತೇಳು ವರ್ಷದಲ್ಲಿ ಒಂದು ನಾಯಿಗೂ ಹೊಡೆದವನಲ್ಲ ನಾನು… ಹಲೋ? ನಿಮ್ಮ ಮಾತು ಒಡೆದು ಒಡೆದು ಬರ್ತಿದೆ…

ಮುಕುಂದ್, ಕೇಳಿಸ್ತಿದೆಯಾ? ಕೈ ಎತ್ತಿದೀನಿ. ಇದೂ ಹಣ್ಣೇ ಅಂದ್ಕೊಂಡು ಅದು ಹತ್ತಿರ ಬರ್ತಾ ಇದೆ ರೀ…

ಹಲೋ… ಮುಕುಂದ್…