ಗದ್ದಿಗಿ ಮ್ಯಾಲಿನ ನೀಲಿ ದೀಪ

ಹಲ್ಲಿಗಿ ತಂಬಾಕಿನ ಮಿಶ್ರಿ ತಿಕ್ಕೋ ಚಟ ಬಿಡಲಾಕ ಉಮರ್ಗಾದ ದವಾಖಾನಿಗಿ ಬಂದಿದ್ದ ದ್ರೌಪದಿ, ತಂಬಾಕು ಬಿಡಸೋ ಕೋಣಿ ಮುಂದ ಪಾಳಿಯೊಳಗ ನಿಂತಿದ್ದಳು. ಅಕಿ ಮುಂದ ಒಬ್ಬಾಕಿ ಮುದುಕಿ, ಮುದುಕಿ ಮಗ.

"ಅಮಾಸಿಗಿ ನಿಮ್ಮಪ್ಪನ ಸಮಾಧಿ ಗದ್ದಿಗಿ ಮ್ಯಾಲ ಬೀಡಿ ಯಾಕ ಇಡಲಿಲ್ಲೋ ಮಾಣಿಕಾ?"

"ಹಚ್ಚಿ ಇಡಬೇಕಲ್ಲ ಯವ್ವ. ಹಚ್ಚಬೇಕಂದ್ರ ನಾ ಒಂದು ದಮ್ಮು ಎಳೀಬೇಕು. ಡಾಕ್ಟರ್ ಒಂದೂ ಬ್ಯಾಡ ಅಂದಾರ. ಅದಕ್ಕ ನನ್ನ ಬ್ಯಾಟರಿ ಸಿಗರೇಟ್ ಇಟ್ಟು ಬಂದೆ."

"ಸರ್ಕಾರ ಬಂದ್ ಮಾಡಿದ್ದಾ?"

"ಹೂಂ. ಬೀಡಿ ಓಣಿಓಣಿಗಿ ಸಿಗ್ತದ, ಬೀಡಿ ಬಿಡಲಾಕ ತಂದಿದ್ದು ಬಂದ್. ಇದು ಯಾವ ಕಾಯ್ದಾ?"

"ಛಲೋನೇ ಮಾಡ್ಯಾರ. ಬೀಡಿ ಬಿಟ್ಟು ಅದಕ್ಕೇ ಜೋತು ಬಿದ್ದಿದ್ದಿ ನೀ." ಮುದುಕಿ ದನಿ ಇಳಿಸಿದಳು. "ಅದರ ತುದಿಗಿ ನೀಲಿ ದೀಪ ಅದಲ್ಲ, ಅದು ಯಾವಾಗ ಹತ್ತತದ?"

"ಯಾರರೆ ಬಾಯಿಗಿಟ್ಟು ಎಳದ್ರ ಅಷ್ಟೇ. ಯಾಕ?"

"ನಿನ್ನಿ ಹೊತ್ತು ಮುಳುಗೋ ಮುಂದ ಕುರಿ ಹೊಡ್ಕೊಂಡು ಗದ್ದಿಗಿ ಮುಂದ ಹಾದು ಬಂದೆ. ಹತ್ತಿತು, ಆರಿತು, ಮತ್ತ ಹತ್ತಿತು. ಸುತ್ತ ಒಂದು ನರಪಿಳ್ಳಿ ಇರಲಿಲ್ಲ. ಕುರಿ ಒಂದೂ ಮುಂದ ಹೆಜ್ಜಿ ಇಡಲಿಲ್ಲ."

ಅಷ್ಟರಾಗ ಸಿಸ್ಟರ್ ಅವರನ್ನ ಕರದು, ಮನ್ಯಾಗ ಸೇದೋರು ಎಷ್ಟು ಮಂದಿ ಅಂತ ಕೇಳಿದಳು.

"ಈಗ ಯಾರೂ ಇಲ್ರಿ" ಅಂದ ಮಗ.

"ಒಬ್ಬರು ಅಂತ ಬರಕೋರಿ" ಅಂದು ಮುದುಕಿ ತಲಿ ಮ್ಯಾಲ ಸೆರಗು ಎಳಕೊಂಡು ಒಳಗ ಹೋದಳು.