ಎರಡು ಮಂಚದಗಲದ ಹಿತ್ತಲು

…ಅಲ್ಲ ಭಾವ, ಅಲ್ಲಲ್ಲ! ಅಲ್ಲಿ ನಿಂತ್ಕೋಬೇಡಿ, ಸಸಿ ತುಳೀತೀರ. ಈ ಕಡೆ ಬನ್ನಿ, ಬಟ್ಟೆ ಒಗೆಯೋ ಕಲ್ಲಿನ ಹತ್ರ. ಹಾಂ. ಇಲ್ಲಿಂದ ಇಡೀ ಹಿತ್ತಲು ಕಾಣುತ್ತೆ. ಇಡೀ ಅಂದ್ರೆ… ಎರಡು ಮಂಚ ಪಕ್ಕ ಪಕ್ಕ ಹಾಕಿದ್ರೆ ಮುಗೀತು, ಅಷ್ಟೇ ಐತೆ. ಆದ್ರೆ ನೆಲ ಒಂದನ್ನೇ ಯಾಕೆ ನೋಡ್ತೀರಿ? ಗೋಡೆನೂ ಜಾಗಾನೇ. ಬಚ್ಚಲಿನ ಶೀಟು, ಮೆಟ್ಟಿಲ ಕೆಳಗೆ, ಬಾಗಿಲ ಪಕ್ಕ… ಎಲ್ಲಾ ಜಾಗಾನೇ.

ಯಾಕೆ ನಗ್ತಿದೀರ?

ನಾನು ಇಷ್ಟು ಮಾತಾಡಿದ್ದು ನೋಡೇ ಇಲ್ಲ ಅಂತಾನಾ? ಗೊತ್ತು ಬಿಡಿ. ನಿಮ್ಮ ಮದುವೇಲಿ ನಾನು ಒಂದು ಮಾತೂ ಆಡ್ಲಿಲ್ಲ ಅಂತ ನೀವು ಅಕ್ಕನ್ನ ಕೇಳಿದ್ರಂತಲ್ಲ, "ಶಿಲ್ಪಾ, ನಿನ್ನ ತಂಗಿ ಐಶ್ವರ್ಯಂಗೆ ಕನ್ನಡ ಬರುತ್ತಾ?" ಅಂತ! ಅಕ್ಕ ಎಷ್ಟು ದಿನ ಅದನ್ನೇ ಹೇಳ್ಕೊಂಡು ನಗ್ತಿದ್ಲು… ಇಂಗ್ಲಿಷ್ ಮೀಡಿಯಂ ಮೇಡಂ, ಇಂಗ್ಲಿಷ್ ಮೀಡಿಯಂ ಮೇಡಂ ಅಂತ.

ಒಳಗೆ ಕಾಯ್ತಿದಾರೆ, ಗೊತ್ತು ಭಾವ. ಅಪ್ಪ, ಅವ್ವ, ನಿಮ್ಮಮ್ಮ. ಎಲೆ ಅಡಿಕೆ ತಟ್ಟೆ ಆಗ್ಲೇ ಟೀಪಾಯಿ ಮೇಲೆ ಕೂತೈತೆ. "ಇಬ್ಬರೂ ಹಿತ್ತಲಿಗೆ ಹೋಗಿ ಮಾತಾಡ್ಕೊಂಡು ಬನ್ನಿ" ಅಂದ್ರು. ಏನು ಮಾತಾಡಬೇಕು ಅಂತ ಬೀದಿಗೆಲ್ಲಾ ಗೊತ್ತೈತೆ. ಅಕ್ಕ ಹೋದ್ಲು, ಮಗು ಸಣ್ಣದು, ತಂಗಿ ಇದಾಳೆ. ನಾನು ಹೂಂ ಅಂದ್ರೆ ಇವತ್ತೇ ತಾಂಬೂಲ ಬದಲಾಯಿಸಿ ಎದ್ದು ಊಟಕ್ಕೆ ಕೂತ್ಕೋತಾರೆ.

ಹೇಳ್ತೀನಿ. ಅದನ್ನೂ ಹೇಳ್ತೀನಿ. ಮೊದ್ಲು ಇದು ಮುಗಿಸ್ಲಾ? ಇದು ಸುಲಭ.

ನೋಡಿ, ಆ ಗೋಡೆಗೆ ಒರಗಿಸಿರೋ ಚೌಕಟ್ಟು, ಪಾತಮ್ಮನವರ ಮಗ್ಗದ್ದು. ಪಕ್ಕದ ಮನೇಲಿ ಒಂದು ಮಗ್ಗ ಬಿಚ್ಚಿಟ್ಟಿದಾರಲ್ಲ, ಅದರ ಮರ. ಒಲೆಗೆ ಹಾಕ್ತೀನಿ ಅಂತಿದ್ರು, ನಾನು ಕೊಡಿ ಅಂತ ಇಸ್ಕೊಂಡೆ. ಅದಕ್ಕೆ ತೊಂಡೆ ಬಳ್ಳಿ. ಹಾಗಲ, ಹೀರೆ ಆದ್ರೆ ಪ್ರತಿ ಸಲ ಬೀಜ ಹಾಕ್ಬೇಕು, ಯಾರು ನೆನಪಿಟ್ಕೋತಾರೆ? ತೊಂಡೆ ಒಮ್ಮೆ ಹತ್ತಿದ್ರೆ ವರ್ಷಗಟ್ಲೆ ಬಿಡ್ತಾನೇ ಇರುತ್ತೆ. ಕೇಳೋದೇ ಇಲ್ಲ ಯಾರನ್ನೂ.

ಪಾತಮ್ಮ ಗೋಡೆ ಆಚೆಯಿಂದ ತೆಲುಗಲ್ಲಿ ಏನಂದ್ರು ಗೊತ್ತಾ? "ಏಮ್ಮಾ, ಅಕ್ಕ ಇಂಟಿಕೇ ವಸ್ತುನ್ನಾವಂಟ ಕದಾ!" ಅಂತ. ಅಕ್ಕನ ಮನೆಗೇ ಬರ್ತೀಯಂತಲ್ಲ ಅಂತ. ನಾನು ನಕ್ಕೆ. ಮತ್ತೇನ್ ಮಾಡ್ಲಿ, ಮರ ಕೊಟ್ಟಿದಾರೆ…

ಇವು ಎಣ್ಣೆ ಡಬ್ಬ. ಚಳ್ಳಕೆರೆಯಿಂದ ಕಾರಿನ ಡಿಕ್ಕೀಲಿ ತಂದಿದ್ದು. ಅಪ್ಪನ ಮಿಲ್ಲಲ್ಲಿ ಬಿದ್ದಿದ್ವು. ಅಪ್ಪ ಕೇಳಿದ್ರು, "ನಿಶ್ಚಯಕ್ಕೆ ಹೋಗೋರು ಸೀರೆ ತಗೊಂಡು ಹೋಗ್ತಾರೆ, ನೀನೇನೇ ಡಬ್ಬ ತುಂಬ್ತಿದೀಯ?" ಅಂತ. ತಳಕ್ಕೆ ತೂತು ಹೊಡೆದು ಸೊಂಟದೆತ್ತರಕ್ಕೆ ಗೋಡೆಗೆ ಬಿಗಿದ್ರೆ ಮೆಂತ್ಯ, ಕೊತ್ತಂಬರಿ ಬರುತ್ತೆ. ಸೊಂಟದೆತ್ತರ ಯಾಕಂದ್ರೆ ಅತ್ತೆಗೆ ಮಂಡಿ ನೋವು, ಬಗ್ಗೋಕಾಗಲ್ಲ. ನಿಂತ್ಕೊಂಡೇ ಚಿವುಟಬೋದು. ಕೆಳಗಿನ ಸಾಲಲ್ಲಿ ಟೊಮ್ಯಾಟೊ, ಸಣ್ಣ ಜಾತಿದು. ಅದು ಚಿನ್ನುಗೆ. ಅವಳ ಕೈಗೆ ಸಿಗೋ ಎತ್ತರ. ದೊಡ್ಡಪತ್ರೆ ಬಾಗಿಲ ಹತ್ರ ಊರಿದೀನಿ, ಮಗು ಕೆಮ್ಮಿದ್ರೆ ಎರಡೆಲೆ ಬಾಡಿಸಿ ರಸ ಹಿಂಡಿ, ಜೇನುತುಪ್ಪದಲ್ಲಿ. ಅತ್ತೆಗೆ ಗೊತ್ತಿರುತ್ತೆ, ನೀವೂ ಕಲ್ತ್ಕೊಳ್ಳಿ.

ಬಿಸಿಲು? ಹೌದು, ಆ ಗೋಡೆ ಮಧ್ಯಾಹ್ನ ಕಾದ ಕಾವಲಿ ಥರ ಆಗುತ್ತೆ. ಅದಕ್ಕೆ ಮೇಲೆ ನೆರಳು ಕಟ್ಬೇಕು. ಅಕ್ಕನ ಹಳೇ ಕಾಟನ್ ಸೀರೆ ಎರಡು ಐತಲ್ಲ ಬೀರೂಲಿ, ಆ ಕಡೆ ಕಂಬಿಯಿಂದ ಈ ಕಡೆಗೆ ಎಳೆದ್ರೆ…

ಬೇಡ್ವಾ?

ಸರಿ. ಬೇಡ ಬಿಡಿ. ಹಸಿರು ನೆಟ್ ಸಿಗುತ್ತೆ ಅಂಗಡೀಲಿ, ಅದನ್ನೇ ತನ್ನಿ. ನಾನು ಸುಮ್ನೆ ಅಂದೆ. ಬಟ್ಟೆ ವೇಸ್ಟ್ ಆಗುತ್ತಲ್ಲ ಅಂತ… ಸುಮ್ನೆ.

ನನಗೆ ಇಂಥದ್ದು ಹೊಳೆಯೋದೇ ಇಲ್ಲ ಭಾವ ಇತ್ತೀಚೆಗೆ. ಏನು ಹೇಳಬಾರದು ಅಂತ. ಅಕ್ಕನ ಶಿವಗಣಾರಾಧನೆ ದಿನ ಎಲ್ಲರೂ ಅಳ್ತಿದ್ರು, ನಾನು ಸಾರು ಬಡಿಸ್ತಿದ್ದೆ. ಯಾರೋ ಉಪ್ಪು ಕಮ್ಮಿ ಅಂದ್ರು, ಉಪ್ಪು ತಂದ್ಕೊಟ್ಟೆ. ಇನ್ನೂ ಅಳು ಬಂದಿಲ್ಲ. ಎಲ್ಲೋ ಮರಗಟ್ಟಿದ ಹಂಗೆ… ಕಾಲು ಜೋಮು ಹಿಡಿದಾಗ ಚಿವುಟಿದ್ರೆ ಗೊತ್ತಾಗಲ್ವಲ್ಲ, ಹಂಗೆ. ಅವ್ವ ಅಂತಾರೆ, ಹುಡುಗಿ ಗಟ್ಟಿ ಇದಾಳೆ, ಮನೆ ನಿಭಾಯಿಸ್ತಾಳೆ ಅಂತ.

ಇರ್ಲಿ. ಆ ಮಧ್ಯದ ಕನಕಾಂಬರ. ಅತ್ತೆ ಅದನ್ನ ಕಿತ್ತು ಬೆಂಡೆ ಹಾಕು ಅಂದ್ರು. ಅವರು ಹೇಳೋದೂ ನಿಜ, ಒಳ್ಳೆ ಬೆಳಗಿನ ಬಿಸಿಲು ಬೀಳೋದು ಅಲ್ಲೇ. ಆದ್ರೆ ಅದು ಅಕ್ಕ ಹಾಕಿದ್ದು. ಕೀಳ್ಬೇಡಿ. ಅದರ ಬುಡದಲ್ಲೂ ಬೇರೆ ಏನೂ ಊರ್ಬೇಡಿ. ಅಷ್ಟು ಜಾಗ ವೇಸ್ಟ್ ಆದ್ರೆ ಆಗ್ಲಿ. ಸುತ್ತ ಐತಲ್ಲ, ಸಾಕು.

ನೀರಾ? ಅದೇ ನೋಡಿ ಇದರಲ್ಲಿ ಮುಖ್ಯ! ಇಲ್ಲಿ ಬಗ್ಗಿ ನೋಡಿ. ಕಂಡಿತಾ, ಮಣ್ಣಲ್ಲಿ ಬಾಯಿ? ಮಡಕೆ. ಕುತ್ತಿಗೆವರೆಗೂ ಹೂತಿದೀನಿ. ನಿನ್ನೆ ಸಂಜೆ ಬಂದ ತಕ್ಷಣ ಮಾಡಿದ್ದು ಇದನ್ನೇ. ಅತ್ತೆ ಗಾಬರಿಯಾದ್ರು: "ನಾಳೆ ಶುಭಕಾರ್ಯ ಇಟ್ಕೊಂಡು ಗುಂಡಿ ತೋಡ್ತೀಯಲ್ಲಮ್ಮಾ!" ಅಂತ. ಮಡಕೆ ತುಂಬಾ ನೀರು ಹಾಕಿ ಮುಚ್ಚಿಟ್ರೆ, ಅದು ಒಳಗೊಳಗೇ ಜಿನುಗುತ್ತೆ, ಬೇರಿಗೆ ಎಷ್ಟು ಬೇಕೋ ಅಷ್ಟೇ. ಮೇಲೆ ಶೇಂಗಾ ಸಿಪ್ಪೆ ಹಾಸಿದೀನಿ, ಅದೂ ಮಿಲ್ಲಿಂದ ತಂದಿದ್ದು, ಮಣ್ಣು ಒಣಗಲ್ಲ. ದಿನಾ ನೀರು ಹಾಕೋದೇ ಬೇಡ. ಭಾನುವಾರ ಒಂದ್ಸಲ, ಗುರುವಾರ ಒಂದ್ಸಲ. ಗುರುವಾರ ನೀವು ಅಂಗಡಿಗೆ ಹೋಗೋಕೆ ಮುಂಚೆ. ರೇಷ್ಮೆ ನೂಲು ತೂಗಿ ಕೊಡೋ ಕೈಗೆ ಒಂದು ಚೊಂಬು ಎತ್ತೋದು ಏನು ಕಷ್ಟ? ಮರೀತೀರ ಅಂದ್ರೆ ನಾನು ಫೋನ್ ಮಾಡಿ ನೆನಪಿಸ್ತೀನಿ. ಜೂನ್‌ವರೆಗೂ ಬೆಳಿಗ್ಗೇನೇ ಮಾಡ್ತೀನಿ, ಆಮೇಲೆ ಸ್ಕೂಲು ಶುರುವಾದ್ರೆ ಸಂಜೆ ಹೊತ್ತು…

ಏನು?

ಯಾಕೆ ಭಾವ, ಏನಾಯ್ತು? ಏನಂದೆ ನಾನು?

ಫೋನು… ಹೂಂ, ಫೋನು ಅಂದೆ. ಬಾಯ್ತಪ್ಪಿ… ಅಲ್ಲ. ಅದೂ… ಸ್ಕೂಲಲ್ಲಿ ಮೂರನೇ ಕ್ಲಾಸಿನ ಪಾಠ ಈ ವರ್ಷಾನೂ ನನಗೇ ಕೊಟ್ಟಿದಾರೆ, ಅದಕ್ಕೆ… ಚಳ್ಳಕೆರೆಯಿಂದ…

ಹಂಗೆ ನೋಡ್ಬೇಡಿ. ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ನೀವು ಡಬ್ಬ ನೋಡ್ತಿದೀರ, ಮಡಕೆ ನೋಡ್ತಿದೀರ, ಮತ್ತೆ ಡಬ್ಬ ನೋಡ್ತಿದೀರ… ಹೂಂ. ಅದು ಅತ್ತೆ ಎತ್ತರಕ್ಕೆ. ಇದು ಚಿನ್ನು ಎತ್ತರಕ್ಕೆ. ನೀರು ನಿಮ್ಮ ಕೈಗೆ. ನನಗೆ ಅಂತ ಇಲ್ಲಿ ಏನೂ ಇಟ್ಟಿಲ್ಲ. ನಿಮಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ.

ನೀವು ಕೆಟ್ಟೋರಲ್ಲ ಭಾವ. ಅದಕ್ಕಲ್ಲ.

ನಿನ್ನೆ ರಾತ್ರಿಗೆ ಹಾಕ್ಕೊಳ್ಳೋಕೆ ಬಟ್ಟೆ ತರೋದು ಮರ್ತಿದ್ದೆ, ಅತ್ತೆ ಅಕ್ಕನ ನೈಟಿ ಕೊಟ್ರು. ಬೆಳಿಗ್ಗೆ ಅದರಲ್ಲೇ ಇಲ್ಲಿ ಮಣ್ಣು ಕೆದಕ್ತಾ ಕೂತಿದ್ದೆ. ಚಿನ್ನು ಎದ್ದು ಬಂದು ಹಿಂದಿನಿಂದ "ಅಮ್ಮಾ" ಅಂದ್ಲು. ತಿರುಗಿದೆ. ನನ್ನ ಮುಖ ನೋಡಿದ್ಲು. "ಓ… ಚಿಕ್ಕಮ್ಮ" ಅಂದ್ಲು. ಅತ್ತಿದ್ರೆ ಎತ್ಕೋತಿದ್ದೆ. ಅಳ್ಲಿಲ್ಲ. ಸುಮ್ನೆ ಒಳಗೆ ಹೋದ್ಲು. ನಾನು ಮತ್ತೆ ಮಣ್ಣು ಕೆದಕಿದೆ.

ದಿನಾ ತಿರುಗಬೇಕಾಗುತ್ತಲ್ಲ ಭಾವ. ಅವಳು ಕರೆದಾಗೆಲ್ಲಾ. ನೀವೂ ಯಾವತ್ತೋ ಮರ್ತು ಶಿಲ್ಪಾ ಅಂತ ಕರೀತೀರ, ಆವಾಗ್ಲೂ.

ಬಂದೆ ಅವ್ವಾ! ಎರಡೇ ನಿಮಿಷ!

ಕೇಳಿಸ್ತಾ? ಕರೀತಿದಾರೆ. ನಾನು ಒಳಗೆ ಹೋಗಿ ಊಹೂಂ ಅಂದ್ರೆ ಅವ್ವ ನಗ್ತಾರೆ. ನಾಚಿಕೆ, ಅವಳು ಚಿಕ್ಕಂದಿನಿಂದ ಹಂಗೇ ಅಂತಾರೆ. ನನ್ನ ಊಹೂಂ ಯಾರಿಗೂ ಕೇಳ್ಸಲ್ಲ. ಅಪ್ಪ ತಟ್ಟೆ ಎತ್ಕೊಂಡೇ ಬಿಡ್ತಾರೆ. ನೀವು ಬೇಡ ಅಂದ್ರೆ ಕೇಳ್ತಾರೆ. ಹುಡುಗಿ ಹಿಡಿಸ್ಲಿಲ್ಲ ಅನ್ನಿ, ಏನಾದ್ರೂ ಅನ್ನಿ. ಊರವರು ನನ್ನನ್ನೇ ಆಡ್ಕೊಳ್ಳಲಿ, ನನಗೇನೂ ಅನ್ಸಲ್ಲ ಈಗ. ಚಿನ್ನುನ ರಜೆಗೆ ನನ್ನ ಹತ್ರ ಕಳ್ಸಿ. ಪ್ರತಿ ರಜೆಗೂ. ಚಿಕ್ಕಮ್ಮ ಆಗಿ ಇರ್ತೀನಿ. ಅದೊಂದು ನನಗೆ ಬರುತ್ತೆ.

ಭಾವ? ಹೇಳ್ತೀರಾ?



ಎಲ್ಲಿಗೆ ಹೊರಟ್ರಿ? ಬಾಗಿಲು ಈ ಕಡೆ… ಆ ಚೊಂಬು ಯಾಕೆ? ತೊಟ್ಟೀಲಿ ಪಾಚಿ ಐತೆ, ಕೆಳಗಿಂದ ತುಂಬ್ಕೋಬೇಡಿ, ಮೇಲಿಂದ… ಹೂಂ.

ಹೂಂ, ಅದೇ ಮಡಕೆಗೆ. ನಿಧಾನ. ಸಿಪ್ಪೆ ಮೇಲೆ ಅಲ್ಲ, ಬಾಯೊಳಗೆ. ಎರಡು ಕೈಯಲ್ಲಿ ಹಿಡ್ಕೊಳ್ಳಿ. ಹಾಂ… ಹಂಗೆ.

ಭಾನುವಾರ ಒಂದ್ಸಲ. ಗುರುವಾರ ಒಂದ್ಸಲ.

ಸಾಕು ಭಾವ, ತುಂಬ್ತು.

ಭಾವ… ತುಂಬ್ತು ಅಂದೆ. ಹೊರಗೆ ಹರೀತಾ ಐತೆ.