ಅಳತೆಗೆ ಎತ್ತಿಟ್ಟ ಫೈಲು

ಅಧ್ಯಕ್ಷರಾದ ಹುಚ್ಚರಾಯಪ್ಪನವರೇ, ಶಿಕಾರಿಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಅತಿಥಿಗಳೇ, ಬಿಸಿಲಲ್ಲೂ ಕದಲದ ಸೊರಬದ ಸಭಿಕರೇ,

‘ಮೂವತ್ತೆಂಟು ಮಕ್ಕಳ ಪರೀಕ್ಷೆ ಉಳಿಸಿದ ಸಿದ್ಧಲಿಂಗೇಶ್’ ಎಂದು ಮಾನಪತ್ರ ಓದಿ ನನಗೆ ಶಾಲು ಹೊದಿಸಿದಿರಿ. ಸಂಭ್ರಮಕ್ಕೆ ನಾಲಿಗೆ ತಡವರಿಸುತ್ತಿದೆ. ಆದರೆ ಉಳಿಸಿದ್ದು ಯಾರು?

ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಹನ್ನೆರಡು ಕಂಪ್ಯೂಟರ್, ಅವಕ್ಕೆಲ್ಲ ಯಜಮಾನನಂತೆ ಒಂದು ಸರ್ವರ್. ಅದು ಹೇಗೆ ನಡೆಯಬೇಕೆಂದು ಹೇಳುವುದು ಒಂದು ಸಣ್ಣ ಫೈಲು, ಕಾನ್ಫಿಗರೇಶನ್ ಫೈಲು. ಒಂದು ಸಾಲು ಕೆಟ್ಟರೂ ಹನ್ನೆರಡೂ ಮುಷ್ಕರ ಹೂಡುತ್ತವೆ. ಹೋದ ವರ್ಷ, ತೊಂಬತ್ತೆಂಟರ ಮಾರ್ಚಿನಲ್ಲಿ, ಪರೀಕ್ಷೆಯ ಹಿಂದಿನ ಬೆಳಿಗ್ಗೆ ಸರ್ವರ್ ಏಳಲೇ ಇಲ್ಲ.

ನಾನೇನು ಮಾಡಿದೆ? ಮಕ್ಕಳ ಮುಂದೆ, ಬಾಗಿಲಲ್ಲಿ ನಿಂತ ತಂದೆತಾಯಿಯರ ಮುಂದೆ, ಪಾಠ ಹೇಳುತ್ತಿದ್ದ ಇಶ್ರತ್‌ಳನ್ನು ಬೈದೆ. "ಗೊತ್ತಿಲ್ದೆ ಯಾಕೆ ಕೈ ಹಾಕ್ದೆ? ಮಕ್ಕಳ ವರ್ಷ ಹಾಳು ಮಾಡಿದ್ಯಲ್ಲ."

ಇಶ್ರತ್ ಎಂದರೆ ಬಸ್ ನಿಲ್ದಾಣದೆದುರಿನ ಟೈಲರ್ ಅಮೀರ್ ಜಾನ್ ಸಾಹೇಬರ ಮಗಳು. ಬ್ಯಾಗಿನಿಂದ ಒಂದು ಫ್ಲಾಪಿ ತೆಗೆದಳು.

"ಅಳತೆಗೆ ಕೊಟ್ಟ ಬ್ಲೌಸಿಗೆ ನಮ್ಮ ಅಬ್ಬಾ ಕತ್ತರಿ ತಾಗಿಸಲ್ಲ ಸರ್, ಬೇರೆ ಎತ್ತಿಡ್ತಾರೆ. ಸರ್ವರ್ ಬಂದ ದಿನವೇ ಆ ಫೈಲಿನ ಪ್ರತೀನೂ ಇದರಲ್ಲಿ ಹಂಗೇ ಎತ್ತಿಟ್ಟಿದ್ದೆ."

ಕೆಟ್ಟ ಫೈಲನ್ನು ಸರಿಸಿ ಮೂಲದ್ದನ್ನು ಅದರ ಜಾಗಕ್ಕೆ ಹಾಕಿದಳು. ಸಭಿಕರೇ, ಸರ್ವರ್ ಎದ್ದಿತು! ಹನ್ನೆರಡೂ ಪರದೆ ಒಟ್ಟಿಗೆ ಬೆಳಗಿದವು. ನೆನೆದರೆ ಇಂದಿಗೂ ಮೈ ಜುಂ ಎನ್ನುತ್ತದೆ.

ಹೋಗುವಾಗ ನನಗಷ್ಟೇ ಕೇಳುವಂತೆ, "ಎರಡಕ್ಕೂ ಒಂದೇ ಸಾಲು ವ್ಯತ್ಯಾಸ ಸರ್. ಎಲ್ರೂ ಹೋದ್ಮೇಲೆ ನೋಡಿ" ಎಂದಳು. ಮತ್ತೆ ಕೆಲಸಕ್ಕೆ ಬರಲಿಲ್ಲ.

ನೋಡಿದೆ. ಆ ಸಾಲಿನಲ್ಲಿದ್ದದ್ದು ನನ್ನ ಹೆಸರು. ಪ್ರತಿ ಪರದೆಯ ಮೇಲೂ ‘ಮುಖ್ಯಸ್ಥರು ಸಿದ್ಧಲಿಂಗೇಶ್’ ಎಂದು ಬರಲೆಂಬ ಆಸೆಗೆ ಹಿಂದಿನ ಸಂಜೆ ನಾನೇ ಸೇರಿಸಿದ್ದೆ. "ಟೈಲರ್ ಮಗಳು ಸರ್ವರ್ ಕೆಡಿಸಿದ್ಲಂತೆ" ಎಂಬ ಮಾತು ಉಳವಿಯವರೆಗೂ ಹೋಯಿತು. ವರ್ಷವಿಡೀ ನಾನು ತುಟಿ ಬಿಚ್ಚಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲ ಮೇಲಂತೂ ಈಗ ಶಾಲೇ ಇದೆ.

ಆಮಂತ್ರಣ ಕಳಿಸಿದರೂ ಇಶ್ರತ್ ಬಂದಿಲ್ಲ. ಬರಲಾರಳೆಂದು ಊಹಿಸಿಯೇ ಬೆಳಿಗ್ಗೆ ಮೈಕಿನ ಲೋಕಪ್ಪನವರಿಗೆ ಹೇಳಿ ಧ್ವನಿವರ್ಧಕದ ಒಂದು ಹಾರ್ನನ್ನು ಬಸ್ ನಿಲ್ದಾಣದ ಕಡೆಗೆ ತಿರುಗಿಸಿದ್ದೇನೆ. ಇಶ್ರತ್, ಕೆಡಿಸಿದವನು ನಾನು, ಉಳಿಸಿದವಳು ನೀನು. ಅಮೀರ್ ಜಾನ್ ಸಾಹೇಬರೇ, ಮಾನಪತ್ರದ ಹೆಸರು ತಿದ್ದಿಸಿಕೊಂಡು, ಈ ಶಾಲು ಹಿಡಿದು, ಸೋಮವಾರದಿಂದ ಪಾಠಕ್ಕೆ ಬಾ ಎಂದು ನಿಮ್ಮ ಮಗಳನ್ನು ಕೇಳಲು ಬರುತ್ತಿದ್ದೇನೆ. ದಯವಿಟ್ಟು ಅಂಗಡಿ ಬಾಗಿಲು ಹಾಕಬೇಡಿ.

ತಾಳ್ಮೆಯಿಂದ ಕೇಳಿದ ನಿಮಗೂ, ಹಾರ್ನ್ ತಿರುಗಿಸಿದ ಲೋಕಪ್ಪನವರಿಗೂ ಋಣಿ. ನಮಸ್ಕಾರ.